ಏಳು ಪುಟದ ಪಾರಾಯಣ

ನನ್ನ ದನಿ ಯಾರಿಗೂ ಕೇಳಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ನನಗೆ ಕೆಲಸ ಸಿಕ್ಕಿತು. ಅದು ನನಗೆ ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು.

ಸಂದರ್ಶನ ನಡೆದದ್ದು ಚಾಮರಾಜನಗರದ ಡಬಲ್ ರೋಡಿನಲ್ಲಿ, ಟೈರ್ ಅಂಗಡಿಯ ಮೇಲಿನ ‘ನೆಲೆಬೆಳಕು ಹೌಸಿಂಗ್ ಫೈನಾನ್ಸ್’ ಕಚೇರಿಯಲ್ಲಿ. ನಾವು ಏಳು ಜನ ಹುಡುಗಿಯರು ಬಂದಿದ್ದೆವು. ಎಲ್ಲರಿಗೂ ಒಂದೇ ಪರೀಕ್ಷೆ, ಕನ್ನಡದ ಒಂದು ಪುಟ ಓದಿ ಹೇಳುವುದು. ನನ್ನ ಜೊತೆ ಬಿ.ಎ. ಓದಿದ ಶಿವಾನಿ ಮೊದಲು ಹೋದಳು. ಕಾಲೇಜಿನ ಸಮಾರಂಭಗಳಿಗೆಲ್ಲ ಅವಳದೇ ನಿರೂಪಣೆ. ಅವಳು ಓದಲು ಶುರುಮಾಡಿದಾಗ ಕೆಳಗೆ ಟೈರ್ ಬಿಚ್ಚುತ್ತಿದ್ದವರು ಕೆಲಸ ನಿಲ್ಲಿಸಿ ಮೇಲೆ ನೋಡಿದರಂತೆ. ಮ್ಯಾನೇಜರ್ ಸಾಗರ್ ಅವರು, “ವೆರಿ ಗುಡ್, ತಿಳಿಸ್ತೀವಿ” ಎಂದರು. ನಾನು ಓದಿದ್ದು ಮೇಜಿಗೆ. ಸಾಗರ್ ಮುಂದಕ್ಕೆ ಬಾಗಿದರು, ಇನ್ನಷ್ಟು ಬಾಗಿದರು, ಆಮೇಲೆ ನೆಮ್ಮದಿಯಾಗಿ ಕುರ್ಚಿಗೆ ಒರಗಿದರು.

“ಪೂರ್ತಿ ಓದಿದ್ರಾ?”

“ಓದಿದೆ ಸರ್.”

“ಏನು?”

“ಓದಿದೆ.”

“ಫೆಂಟಾಸ್ಟಿಕ್. ಸೋಮವಾರದಿಂದ ಬನ್ನಿ.”

ಸಂತೆಮರಹಳ್ಳಿಯಲ್ಲಿ ಅಮ್ಮ ಇಡೀ ಬೀದಿಗೆ ಮೈಸೂರುಪಾಕು ಹಂಚಿದಳು. ಮಗಳು ಬಾಯಿ ಬಿಟ್ಟು ಸಂಬಳ ತರುತ್ತಾಳೆ ಎಂಬುದನ್ನು ಬೀದಿಯವರು ನಂಬಲು ಅಷ್ಟಾದರೂ ಬೇಕಿತ್ತು.

ಕೆಲಸ ಇಷ್ಟೇ. ಮನೆ ಸಾಲ ತೆಗೆದುಕೊಳ್ಳುವವರಿಗೆ ಬಡ್ಡಿ ಎಷ್ಟು, ಖರ್ಚು ಯಾವ ಯಾವುದು, ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ಬಿಡಿಸಿ ಹೇಳಬೇಕು, ಅರ್ಥವಾಯಿತೆಂದು ಸಹಿ ಪಡೆಯಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಕಾಗದ ಕೈಗೆ ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಅದರಲ್ಲಿರುವುದನ್ನು ಕಂಪನಿ ಬದಲಾಯಿಸುವಂತಿಲ್ಲ. ಅಷ್ಟರೊಳಗೆ ಸಾಲಗಾರರು ಅದನ್ನು ಮನೆಗೊಯ್ದು, ನಾಲ್ಕು ಜನಕ್ಕೆ ತೋರಿಸಿ, ಬೇರೆ ಬ್ಯಾಂಕಿನಲ್ಲಿ ವಿಚಾರಿಸಿ ಬರಬಹುದು. ‘ಪ್ರಮುಖ ಸಂಗತಿಗಳ ಹೇಳಿಕೆ’ ಎಂದು ಅದರ ಹೆಸರು. ನಮ್ಮಲ್ಲಿ ಎಲ್ಲರೂ ಕೀ ಫ್ಯಾಕ್ಟ್ ಎನ್ನುತ್ತಿದ್ದರು.

ಕಂಪನಿಗೆ ಈ ನಿಯಮದ ಮೇಲೆ ಅಪಾರ ಭಕ್ತಿ. ದೇವರ ಮೇಲೆ ಇರುತ್ತದಲ್ಲ, ಅಂಥದು. ಊದುಬತ್ತಿ ಹಚ್ಚಿ, ಕೈ ಮುಗಿದು, ಗಲ್ಲಾಪೆಟ್ಟಿಗೆಯ ಕಡೆ ತಿರುಗುವುದು. ನಾವು ಕೊಡುತ್ತಿದ್ದ ಪ್ರತಿ ಕಾಗದದ ಮೇಲೂ ನಾಲ್ಕೈದು ದಿನ ಹಿಂದಿನ ತಾರೀಕು ಇರುತ್ತಿತ್ತು. ಜನ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರ ಮೂರು ದಿನ ಮುಗಿದುಹೋಗಿರುತ್ತಿತ್ತು. ಯೋಚನೆ ಮಾಡುವ ಕಷ್ಟವನ್ನು ಅವರ ಪರವಾಗಿ ಕಂಪನಿಯೇ ಅನುಭವಿಸಿಬಿಟ್ಟಿರುತ್ತಿತ್ತು. ಉಳಿದದ್ದು ಬಿಡಿಸಿ ಹೇಳುವುದು. ಅದಕ್ಕೆ ನಾನಿದ್ದೆ.

ಗಂಡ, ಹೆಂಡತಿ, ಜಾಮೀನುದಾರ ಸಾಲಾಗಿ ಕೂರುವರು. ನಾನು ಏಳು ಪುಟ ಓದುವೆ. ಕೆಳಗೆ ಗಾಳಿ ತುಂಬುವ ಯಂತ್ರ ಗುರ್ರೆನ್ನುವುದು, ಮೇಲೆ ಫ್ಯಾನು. ಅವರಿಗೆ ಕಾಣುವುದು ನನ್ನ ತುಟಿ ಮಾತ್ರ. ಆದರೂ ಎಷ್ಟು ಶ್ರದ್ಧೆ! ಹೆಂಗಸರು ಸೆರಗು ಹೊದೆಯುವರು. ಮುದುಕರು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬರುವರು. ಸತ್ಯನಾರಾಯಣನ ಕಥೆಗೆ ಕೂತವರ ಹಾಗೆ, ಅರ್ಥಕ್ಕಿಂತ ಕೂತದ್ದರಲ್ಲೇ ಪುಣ್ಯ ಎಂಬ ಮುಖ. ದಂಡದ ಬಡ್ಡಿಯ ಪುಟಕ್ಕೆ ಬಂದಾಗ ಹರದನಹಳ್ಳಿ ಕಡೆಯ ಒಬ್ಬ ಅಜ್ಜ ಕೈ ಮುಗಿದರು. ಒಮ್ಮೆ ಒಬ್ಬಾಕೆ ಕೊನೆಯಲ್ಲಿ ಎರಡು ಬಾಳೆಹಣ್ಣು, ಹತ್ತು ರೂಪಾಯಿ ಇಟ್ಟು ಹೋದರು. ಆಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ. ‘ಓದಿ ಹೇಳಿದ್ದನ್ನು ಕೇಳಿ ಅರ್ಥಮಾಡಿಕೊಂಡಿದ್ದೇನೆ.’ ಪಾರಾಯಣಕ್ಕೆ ಹನ್ನೊಂದು ನಿಮಿಷ, ಸಹಿಗೆ ಇಪ್ಪತ್ತು. ನಾನು ಡೈರಿಯಲ್ಲಿ ದಿನಾ ಬರೆದುಕೊಳ್ಳುತ್ತಿದ್ದೆ. ಯಾರೂ ಏನೂ ಕೇಳದ ಕಾರಣ ಸಾಲ ಬೇಗ ಬೇಗ ಆಗುತ್ತಿತ್ತು. ಮೈಸೂರು ವಲಯದಲ್ಲಿ ನಮ್ಮ ಶಾಖೆಗೆ ‘ಅತಿ ವೇಗದ ವಿತರಣೆ’ ಎಂದು ಗಾಜಿನ ಫಲಕ ಬಂತು. ನನ್ನಿಂದ ತಪ್ಪೇನಾದರೂ ಆಗುತ್ತಿದೆ ಎಂದು ನನಗೆ ಅನ್ನಿಸಿರಲೇ ಇಲ್ಲ. ನಾನು ಎಲ್ಲವನ್ನೂ ಓದುತ್ತಿದ್ದೆನಲ್ಲ.

ಜೂನ್ ತಿಂಗಳ ಒಂದು ಶುಕ್ರವಾರ ಪುಟ್ಟಸಿದ್ದಮ್ಮ ಬಂದರು.

ಗುಂಡ್ಲುಪೇಟೆಯ ವಿದ್ಯಾರ್ಥಿನಿಲಯವೊಂದರಲ್ಲಿ ಅಡುಗೆಯವರು. ವಯಸ್ಸು ಐವತ್ತರ ಮೇಲೆ. ತೋಳು ನೋಡಿದರೆ ಸೌದೆ ಒಲೆಯ ಕಾಲದಿಂದ ಕೆಲಸ ಮಾಡಿದವರೆಂದು ಗೊತ್ತಾಗುತ್ತಿತ್ತು. ಜೊತೆಗೆ ಮಗ ಸುನೀಲ್ ಕುಮಾರ್, ಗೂಡ್ಸ್ ಆಟೋ ಓಡಿಸುವವನು. ಅವರು ಕೊಳ್ಳಬೇಕೆಂದಿದ್ದದ್ದು ಹದಿನೆಂಟು ವರ್ಷದಿಂದ ಬಾಡಿಗೆಗಿದ್ದ ಎರಡು ಕೋಣೆಯ ಮನೆಯನ್ನೇ. ಮನೆಯ ಯಜಮಾನರು ಗುರುಪಾದಸ್ವಾಮಿ, ಗುಂಡ್ಲುಪೇಟೆಯ ಅರಿಶಿನದ ವ್ಯಾಪಾರಿ. ಹದಿನೆಂಟು ಲಕ್ಷಕ್ಕೆ ಮಾತಾಗಿ, ಎರಡು ಲಕ್ಷ ಮುಂಗಡ ಕೊಟ್ಟು, ಕರಾರು ಬರೆಸಿ ಆಗಿತ್ತು. ಇನ್ನೆರಡು ಲಕ್ಷ ಚೀಟಿ ಎತ್ತಿ ಕೊಟ್ಟಿದ್ದರು. ನಮ್ಮಿಂದ ಬರಬೇಕಾದದ್ದು ಹದಿನಾಲ್ಕು.

ಆ ಕರಾರಿಗೆ ಒಂದು ಗಡುವಿತ್ತು. ಮುಂದಿನ ಬುಧವಾರ ಅಮಾವಾಸ್ಯೆ, ಗುರುವಾರದಿಂದ ಆಷಾಢ. ಆಷಾಢದಲ್ಲಿ ಗುರುಪಾದಸ್ವಾಮಿ ಯಾವುದಕ್ಕೂ ಸಹಿ ಹಾಕುವವರಲ್ಲ. ಮಂಗಳವಾರ ಅವರ ಮನೆಯಿಂದ ಒಂದು ಸೇರು ಅರಿಶಿನವೂ ಹೊರಗೆ ಹೋಗುವುದಿಲ್ಲ, ಇನ್ನು ಮನೆ ಹೋಗುತ್ತದೆಯೇ. ಉಳಿದದ್ದು ಸೋಮವಾರ. ಅದರಲ್ಲೂ ರಾಹುಕಾಲ, ಯಮಗಂಡ ಎರಡೂ ಕಳೆದು ಹನ್ನೆರಡೂವರೆಗೆ ನೋಂದಣಿ ಕಚೇರಿಯಲ್ಲಿ ಸಮಯ ಗೊತ್ತುಮಾಡಿದ್ದರು. ಸೋಮವಾರ ತಪ್ಪಿದರೆ ಮುಂಗಡ ವಾಪಸಿಲ್ಲ, ಮನೆ ಕೇರಳದ ಬತ್ತೇರಿಯ ಒಬ್ಬ ಶುಂಠಿ ವ್ಯಾಪಾರಿಗೆ. ಅವರು ಆಗಲೇ ಬಂದು ಟೇಪು ಹಿಡಿದು ಅಳೆದುಕೊಂಡು ಹೋಗಿದ್ದರಂತೆ, ಪುಟ್ಟಸಿದ್ದಮ್ಮ ಒಳಗೆ ಬಟ್ಟೆ ಮಡಿಸುತ್ತಿದ್ದಾಗಲೇ.

ನಾನು ಮೊದಲ ಪುಟ ಶುರುಮಾಡಿದೆ. ಎರಡನೇ ಸಾಲಿಗೇ ಪುಟ್ಟಸಿದ್ದಮ್ಮ ಕೈ ಎತ್ತಿದರು.

“ಏನಂದೆ ಮಗ?”

ನಾನು ಮತ್ತೆ ಓದಿದೆ.

“ವಸಿ ಜೋರಾಗ್ ಓದು ಕಣಮ್ಮಿ. ನಮ್ ಹಾಸ್ಟೆಲಲ್ಲಿ ನೂರಿಪ್ಪತ್ತು ಐಕ್ಳು ಒಂದೇ ಸಲಕ್ಕೆ ಅನ್ನ ಕೇಳ್ತವೆ. ಯಾವುದ್ಕೆ ಸಾರು ಬೇಕು, ಯಾವುದ್ಕೆ ಮಜ್ಜಿಗೆ ಬೇಕು ಅಂತ ಅದ್ರಲ್ಲೇ ನಂಗೆ ಕೇಳಿಸ್ತದೆ. ನಿಂದು ಕೇಳಿಸ್ನಿಲ್ಲ ಅಂದ್ರೆ ತಪ್ಪು ನನ್ ಕಿವೀದಲ್ಲ.”

ಸುನೀಲನಿಗೆ ಅವಸರ. “ಅವ್ವಾ, ಅದು ಸುಮ್ನೆ ಫಾರ್ಮಾಲಿಟಿ ಕಣವ್ವ. ಸೈನ್ ಹಾಕ್ಬುಡು, ಹೋಗನ. ಗಾಡೀನ ರೋಡಲ್ಲೇ ನಿಲ್ಸಿವ್ನಿ.”

“ಹಾಕ್ಬುಡು ಅಂತೀಯಲ್ಲ. ಹಾಸ್ಟೆಲಿಗೆ ಅಕ್ಕಿ ಮೂಟೆ ಬಂದ್ರೆ ಎತ್ತಿ ನೋಡ್ದೆ ಸೈನ್ ಹಾಕ್ದೋಳಲ್ಲ ನಾನು. ಮೇಲೆ ಐವತ್ತು ಕೇಜಿ ಅಂತ ಬರ್ದಿರ್ತದೆ, ಒಳಗೆ ನಲವತ್ತಾರಿರ್ತದೆ. ಇದು ಹದಿನೈದು ವರ್ಷದ ಮೂಟೆ ಕಣ್ಲಾ. ನೀ ಓದು ಮಗ.”

ನಾನು ಗಂಟಲು ಸರಿಮಾಡಿಕೊಂಡೆ. ಜೋರಾಗಿ ಓದುವುದೆಂದರೆ ನನಗೆ ಬೀದಿಯಲ್ಲಿ ಓಡಿದ ಹಾಗೆ; ಎಲ್ಲರೂ ನೋಡುತ್ತಿದ್ದಾರೆ ಅನ್ನಿಸುತ್ತದೆ. ಅವರು ಪ್ರತಿ ಸಾಲಿಗೂ “ಹ್ಞೂಂ” ಅನ್ನುತ್ತಾ ಹೋದರು. ಹ್ಞೂಂ ಬಾರದಿದ್ದರೆ ನಾನು ಅದೇ ಸಾಲನ್ನು ಮತ್ತೆ ಓದಬೇಕು ಎಂದು ತಾನಾಗಿ ಗೊತ್ತಾಯಿತು. ಮೂರನೇ ಪುಟಕ್ಕೇ ಅರ್ಧ ಗಂಟೆ ಕಳೆದಿತ್ತು. ಬೆಂಚಿನ ಮೇಲೆ ಕಾಯುತ್ತಿದ್ದ ಬೇರೆ ಇಬ್ಬರು ಗಡಿಯಾರ ನೋಡುವುದನ್ನು ಬಿಟ್ಟು ನಮ್ಮ ಕಡೆ ಕಿವಿಗೊಟ್ಟಿದ್ದರು. ಐದನೇ ಪುಟದಲ್ಲಿ ಓದಿದೆ: “ಸಾಲಗಾರರ ಸ್ವಂತ ಕೋರಿಕೆಯ ಮೇರೆಗೆ, ಸಾಲ ರಕ್ಷಣಾ ವಿಮೆಯ ಕಂತು ತೊಂಬತ್ತಾರು ಸಾವಿರದ ನಾಲ್ಕುನೂರು ರೂಪಾಯಿಗಳನ್ನು ಸಾಲದ ಮೊತ್ತಕ್ಕೆ ಸೇರಿಸಲಾಗಿದೆ.”

ಹ್ಞೂಂ ಬರಲಿಲ್ಲ.

“ಯಾರ ಕೋರಿಕೆ ಮಗ?”

“ನಿಮ್ಮದು ಅಮ್ಮ.”

“ನಾನ್ಯಾವಾಗ ಕೋರ್ಕಂಡೆ? ನಾನು ಕೋರ್ಕಳದು ಮಾದಪ್ಪನ್ನ ಒಬ್ಬನ್ನೇ. ಅವ್ನೂ ಇಷ್ಟು ಬೇಗ ಕೊಟ್ಟವ್ನಲ್ಲ.”

ಬೆಂಚಿನವರು ನಕ್ಕರು. ನಗು ಕೇಳಿ ಸಾಗರ್ ಒಳಗಿನಿಂದ ಬಂದರು. ಪಾರಾಯಣದ ವೇಳೆ ನಗು ನಮ್ಮಲ್ಲಿ ವಾಡಿಕೆ ಇರಲಿಲ್ಲ. ವಿಷಯ ಕೇಳಿ, ಕಾಯಿಲೆಯವರನ್ನು ಮಾತಾಡಿಸುವ ಮುಖ ಮಾಡಿಕೊಂಡರು.

“ಅಮ್ಮಾ, ಇದು ನಿಮ್ಮ ಒಳ್ಳೇದಕ್ಕೇ. ನಾಳೆ ನಿಮಗೇನಾದ್ರೂ ಆದ್ರೆ...”

“ನಂಗೇನಾಯ್ತದೆ?”

“ಆಗಲ್ಲ. ಆದ್ರೆ ಆಗಬಹುದಲ್ವಾ.”

“ನಿಮ್ಗೂ ಆಗ್ಬೋದು ಸಾ. ಅದ್ಕೂ ನಾನೇ ಕಟ್ಲಾ?”

“ಹಂಗಲ್ಲಮ್ಮ. ಎಲ್ಲಾ ಕಸ್ಟಮರೂ ತಗೋತಾರೆ.”

“ಎಲ್ಲಾರೂ ಕೇಳಿಸ್ಕಂಡು ತಕಂಡ್ರಾ, ಕೇಳಿಸ್ದೆ ತಕಂಡ್ರಾ?” ಪುಟ್ಟಸಿದ್ದಮ್ಮ ಬೆಂಚಿನ ಕಡೆ ತಿರುಗಿ ಕೇಳಿದರು. ಬೆಂಚು ತಲೆ ತಗ್ಗಿಸಿತು. “ಇದ್ನ ತಗ್ದಾಕಿ. ಬಾಕಿದ್ಕೆ ಈಗ್ಲೇ ಸೈನ್ ಹಾಕ್ತೀನಿ.”

ಸಾಗರ್ ಒಂದು ಕ್ಷಣ ಯೋಚಿಸಿದರು. ಆಮೇಲೆ ಮುಗುಳ್ನಕ್ಕರು.

“ತೆಗೀಬಹುದು, ಖಂಡಿತ. ನಿಮ್ಮ ಇಷ್ಟ. ಆದ್ರೆ ಹೊಸ ಕೀ ಫ್ಯಾಕ್ಟ್ ತರಿಸಬೇಕು. ಹೊಸದಕ್ಕೆ ಹೊಸ ತಾರೀಕು. ರಿಸರ್ವ್ ಬ್ಯಾಂಕ್ ರೂಲ್ ಪ್ರಕಾರ ಮೂರು ವರ್ಕಿಂಗ್ ಡೇ ಕಾಯಬೇಕಮ್ಮ. ಶನಿವಾರ, ಸೋಮವಾರ, ಮಂಗಳವಾರ. ಬುಧವಾರ ಬನ್ನಿ, ಡಿ.ಡಿ. ಕೊಡ್ತೀನಿ. ನಾನೇನು ಮಾಡ್ಲಿ, ರೂಲು ರೂಲೇ.”

ನಾಲ್ಕು ತಿಂಗಳಿಂದ ಡ್ರಾಯರಿನಲ್ಲಿ ಮಲಗಿದ್ದ ನಿಯಮ ಎದ್ದು ಮುಖ ತೊಳೆದು, ಟೈ ಕಟ್ಟಿಕೊಂಡು ಬಂದು ಬಾಗಿಲಿಗೆ ಅಡ್ಡ ನಿಂತಿತು. ಸಾಲಗಾರರಿಗೆಂದು ಮಾಡಿದ ಮೂರು ದಿನ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಈಗ ಬೇಡವೆನ್ನುವವರಿಗೆ ಧಾರಾಳವಾಗಿ ಸಿಗುತ್ತಿತ್ತು.

ಸುನೀಲ ಎದ್ದು ನಿಂತ. “ಬುಧವಾರ ಆಗಲ್ಲ ಸಾರ್! ಸೋಮವಾರ ತಪ್ಪಿದ್ರೆ ಸ್ವಾಮ್ಯೋರು ಬತ್ತೇರಿಯವ್ರಿಗೆ ಕೊಟ್ಬುಡ್ತಾರೆ. ಅವ್ವಾ, ತೊಂಬತ್ತಾರು ಸಾವ್ರ ಹೋಗ್ಲಿ ಬುಡು. ಮನೆ ಹೋದ್ರೆ ಎಲ್ಲಿಗೆ ಹೋಗನ?”

ಪುಟ್ಟಸಿದ್ದಮ್ಮ ಪೆನ್ನು ತೆಗೆದುಕೊಂಡು ಪೆನ್ಸಿಲ್ ಗುರುತಿನ ಮೇಲೆ ಇಟ್ಟರು. ಕೈಮೇಲೆ ಎಣ್ಣೆ ಸಿಡಿದ ಚುಕ್ಕೆಗಳಿದ್ದವು. ಅವುಗಳನ್ನೇ ನೋಡುತ್ತಿದ್ದ ನನಗೆ, ನಾನು ಆಡಿದ ಮಾತು ಕೇಳಿಸಿದ ಮೇಲೆಯೇ ಆಡಿದ್ದು ಗೊತ್ತಾಯಿತು.

“ಕಾಯಬೇಕಾಗಿಲ್ಲ.”

ಅದೇ ಗಳಿಗೆಯಲ್ಲಿ ಕೆಳಗಿನ ಗಾಳಿಯಂತ್ರ ನಿಂತಿತ್ತು. ಹಾಗಾಗಿ ನನ್ನ ಮಾತು ಇಡೀ ಕೋಣೆಗೆ ಕೇಳಿತು.

“ಏನಂದ್ರಿ?” ಎಂದರು ಸಾಗರ್.

“ಮೂರು ದಿನ ಅವರಿಗೆ ಕೊಟ್ಟಿರೋದು ಸರ್. ಕಂಪನಿ ಮಾತು ಬದಲಾಯಿಸಬಾರದು ಅಂತ. ಅವರು ಕಾಯಲೇಬೇಕು ಅಂತ ಅಲ್ಲ. ಮೊದಲನೇ ಪುಟದ ಕೊನೇಲಿ ಇದೆ.” ಕಾಗದ ನೋಡದೆ ಹೇಳಿದೆ: “‘ಸದರಿ ಅವಧಿಯೊಳಗೆ ಸಾಲಗಾರರು ಯಾವಾಗ ಬೇಕಾದರೂ ಒಪ್ಪಿಗೆ ನೀಡಬಹುದು.’ ಇವತ್ತೇ ಹೊಸ ಕಾಗದ ಕೊಟ್ಟರೆ ಇವತ್ತೇ ಸಹಿ ಹಾಕಬಹುದು.”

ಆ ಸಾಲನ್ನು ನಾನು ಐನೂರು ಸಲವಾದರೂ ಓದಿದ್ದೆ. ಕೇಳಿಸಿಕೊಂಡದ್ದು ಅವತ್ತೇ.

ಬೆಂಚಿನಿಂದ ಒಬ್ಬರು, “ಹಂಗಾದ್ರೆ ನಮ್ದುನೂ ವಸಿ ನೋಡಿ ಸಾ” ಎಂದರು. ಅದು ಹರಡುವ ಮುಂಚೆ ಮುಗಿಸಬೇಕೆಂದು ಸಾಗರ್‌ಗೆ ಅನ್ನಿಸಿರಬೇಕು. ಮುಖ್ಯ ಕಚೇರಿಯಿಂದ ಬರಲು ಇಪ್ಪತ್ನಾಲ್ಕು ಗಂಟೆ ಬೇಕೆಂದು ಯಾವಾಗಲೂ ಹೇಳುತ್ತಿದ್ದ ಕಾಗದ ಅವತ್ತು ನಲವತ್ತು ನಿಮಿಷದಲ್ಲಿ ಬಂತು. ವಿಮೆ ಇರಲಿಲ್ಲ. ಮೇಲಿದ್ದ ತಾರೀಕು ಅವತ್ತಿನದೇ. ನಾನು ಸೇರಿದ ಮೇಲೆ ನಮ್ಮ ಶಾಖೆ ಬರೆದ ಮೊದಲ ನಿಜವಾದ ತಾರೀಕು ಅದು. ಪುಟ್ಟಸಿದ್ದಮ್ಮ ಏಳು ಪುಟವನ್ನೂ ಇನ್ನೊಂದು ಸಲ ಓದಿಸಿ, ಸಹಿ ಹಾಕಿ, ನಕಲನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಹೋದರು.

ಸಂಜೆ ಸಾಗರ್ ನನ್ನನ್ನು ಒಳಗೆ ಕರೆದರು.

“ನಿಮ್ಮನ್ನ ಯಾಕೆ ತಗೊಂಡ್ವಿ ಗೊತ್ತಾ ಮೇಘನಾ?”

“ಚೆನ್ನಾಗಿ ಓದಿದೆ ಅಂತ ಸರ್.”

“ನೀವು ಓದಿದ್ದು ನನಗೆ ಒಂದಕ್ಷರ ಕೇಳಿಸಲಿಲ್ಲ. ಅದಕ್ಕೇ ತಗೊಂಡ್ವಿ. ಆ ಜೋರು ದನಿ ಹುಡುಗೀನ ತಗೊಂಡಿದ್ರೆ ದಿನಕ್ಕೆ ಒಂದು ಫೈಲ್ ಮುಗೀತಿತ್ತು. ನಿಮ್ಮಿಂದ ಆರು ಮುಗೀತಿತ್ತು. ಈಗ ಏನಾಯ್ತು ನಿಮಗೆ?”

ನನಗೆ ಏನಾಯಿತೆಂದು ನನಗೂ ಗೊತ್ತಿರಲಿಲ್ಲ.

“ಸೋಮವಾರ ಡಿ.ಡಿ. ನೀವೇ ತಗೊಂಡು ಹೋಗಿ. ಶಿವರುದ್ರಸ್ವಾಮಿ ರಜೆ. ನೀವೇ ಶುರುಮಾಡಿದ್ದೀರ, ನೀವೇ ಮುಗಿಸ್ಕೊಂಡು ಬನ್ನಿ.” ಶಿವರುದ್ರಸ್ವಾಮಿ ನಮ್ಮ ಫೀಲ್ಡ್ ಆಫೀಸರ್. ನೋಂದಣಿ ಕಚೇರಿಗೆ ಹೋಗಿ ಡಿ.ಡಿ. ಕೊಟ್ಟು ಮೂಲಪತ್ರ ತರುವುದು ಅವರ ಕೆಲಸ. ಜನಜಂಗುಳಿಯ ನಡುವೆ ನಿಂತು ಅಪರಿಚಿತರ ಹೆಸರು ಕೂಗಬೇಕಾದ ಕೆಲಸ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಇಲ್ಲವೆಂದು ಸಾಗರ್‌ಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಅಂಟಿಸಿದ ಲಕೋಟೆಯನ್ನು ಬ್ಯಾಗಿನಲ್ಲಿಟ್ಟುಕೊಂಡು, ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದೆ. ಗುಂಡ್ಲುಪೇಟೆಯ ನೋಂದಣಿ ಕಚೇರಿಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಷಾಢಕ್ಕೆ ಮುಂಚಿನ ಕೊನೆಯ ಒಳ್ಳೆಯ ದಿನ. ತಾಲ್ಲೂಕಿನ ಅರ್ಧ ಭಾಗ ಇನ್ನರ್ಧಕ್ಕೆ ತನ್ನನ್ನು ಮಾರಿಕೊಳ್ಳಲು ಬಂದ ಹಾಗಿತ್ತು. ಪುಟ್ಟಸಿದ್ದಮ್ಮ ಹೊಸ ಸೀರೆಯಲ್ಲಿ, ಮಧ್ಯಾಹ್ನದ ಅಡುಗೆಯನ್ನು ಪಕ್ಕದ ಹಾಸ್ಟೆಲಿನವಳಿಗೆ ಒಪ್ಪಿಸಿ ಬಂದಿದ್ದರು. ಗುರುಪಾದಸ್ವಾಮಿ ವಿಭೂತಿ ಹಚ್ಚಿ, ಜೇಬಿನಲ್ಲಿ ಪಂಚಾಂಗ ಇಟ್ಟುಕೊಂಡು ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಉಳಿದವರೆಲ್ಲ ನಿಂತಿದ್ದರು.

“ಕಂಪನಿ ಹುಡುಗೀನಾ? ತೆಗೀ ನೋಡೋಣ.”

ಲಕೋಟೆ ಒಡೆದು ಡಿ.ಡಿ.ಯನ್ನು ಬೆಳಕಿಗೆ ಹಿಡಿದರು. ಅವರ ಹುಬ್ಬು ಮೇಲೇರಿತು.

“ಇದೇನಮ್ಮ ಇದು? ಹದಿಮೂರು ಲಕ್ಷದ ತೊಂಬತ್ತೊಂದು ಸಾವಿರದ ನೂರೈವತ್ತು. ಎಂಟು ಸಾವಿರದ ಎಂಟುನೂರೈವತ್ತು ಎಲ್ಲಿ?”

ಜೊತೆಗೊಂದು ಚೀಟಿ ಇತ್ತು. ‘ದಾಖಲೆ ನಿರ್ವಹಣಾ ವೆಚ್ಚ, ತೆರಿಗೆ ಸೇರಿ.’

“ನಿಮ್ಮ ದಾಖಲೆ ನೀವು ನಿರ್ವಹಣೆ ಮಾಡ್ಕಳಕ್ಕೆ ನನ್ನ ಮನೆ ದುಡ್ಡಾ? ಆಗಲ್ಲ. ನೋಡು ಪುಟ್ಟಸಿದ್ದಮ್ಮ, ಹದಿನೆಂಟು ಅಂದ್ರೆ ಹದಿನೆಂಟು. ಇವತ್ತು ಪೂರ್ತಿ ಬಂದ್ರೆ ಸೈನು. ಇಲ್ಲಾಂದ್ರೆ ಬತ್ತೇರಿಯವರು ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡವ್ರೆ.”

“ಸ್ವಾಮ್ಯೋರೇ, ಸಾಯಂಕಾಲದ ಗಂಟ ಟೈಮ್ ಕೊಡಿ. ಎಲ್ಲಾರಾ ತತ್ತೀನಿ,” ಎಂದ ಸುನೀಲ. ಅವನ ಫೋನಿನಲ್ಲಿದ್ದದ್ದು ಮೂರು ಸಾವಿರ. ಉಳಿದದ್ದೆಲ್ಲ ಮುದ್ರಾಂಕಕ್ಕೆ ಹೋಗಿತ್ತು.

“ಹನ್ನೆರಡೂವರೆ ಅಂದ್ರೆ ಹನ್ನೆರಡೂವರೆ. ಆಮೇಲೆ ಇನ್ಯಾರದೋ ಸರದಿ.”

ಗಡಿಯಾರದಲ್ಲಿ ಹನ್ನೆರಡು ದಾಟಿ ಐದು ನಿಮಿಷ. ಪುಟ್ಟಸಿದ್ದಮ್ಮ ರವಿಕೆಯಿಂದ ಮಡಿಸಿದ ಕಾಗದ ತೆಗೆದು ನನ್ನ ಕೈಗಿಟ್ಟರು.

“ಎಂಟು ಸಾವ್ರದ ಮಾತು ಇದ್ರಲ್ಲಿ ಅದಾ ಮಗ? ನೀ ಎರಡು ಸಲ ಓದ್ದೆ. ನಾ ಕೇಳ್ನಿಲ್ಲ.”

“ಇಲ್ಲ.”

“ಹಂಗಾದ್ರೆ ನಿಮ್ ಸಾರ್‌ಗೆ ಹೇಳು.”

ನಾನು ಫೋನ್ ಮಾಡಿದೆ. ಒಂದು ಕಡೆ ಜೆರಾಕ್ಸ್ ಯಂತ್ರ, ಇನ್ನೊಂದು ಕಡೆ ಹೆಸರು ಕೂಗುವ ಗುಮಾಸ್ತ, ಕಾಲ ಬಳಿ ಅಳುವ ಮಗು.

“ಸರ್, ಡಿ.ಡಿ. ಕಡಿಮೆ ಇದೆ.”

“ಹಲೋ? ಕೇಳಿಸ್ತಿಲ್ಲ.”

“ಎಂಟು ಸಾವಿರದ ಎಂಟುನೂರೈವತ್ತು...”

“ಅದಾ? ಸ್ಟ್ಯಾಂಡರ್ಡ್ ಚಾರ್ಜು. ಎಲ್ರಿಗೂ ಹಾಕ್ತೀವಿ.”

“ಅದು ಕೀ ಫ್ಯಾಕ್ಟಿನಲ್ಲಿ ಇಲ್ಲ ಸರ್.”

“ಏನು? ಕೇಳಿಸ್ತಿಲ್ಲ ಮೇಘನಾ.”

ಸ್ಟ್ಯಾಂಡರ್ಡ್ ಚಾರ್ಜು ಚೆನ್ನಾಗಿ ಕೇಳಿಸಿತ್ತು. ಉಳಿದದ್ದು ಕೇಳಿಸುತ್ತಿರಲಿಲ್ಲ. ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ‘ಕೇಳಿಸ್ತಿಲ್ಲ’. ಪುಟ್ಟಸಿದ್ದಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಕುಕ್ಕರು ಕೂಗುವುದನ್ನು ಕಾಯುವವರ ಹಾಗೆ.

ನಾನು ಕಾಗದ ಬಿಡಿಸಿ ಆರನೇ ಪುಟದಿಂದ ಕಿರುಚಿದೆ.

“‘ಈ ಹೇಳಿಕೆಯಲ್ಲಿ ನಮೂದಿಸದ ಯಾವುದೇ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ವಸೂಲಿ ಮಾಡುವಂತಿಲ್ಲ!’ ನೆಲೆಬೆಳಕು ಹೌಸಿಂಗ್ ಫೈನಾನ್ಸ್, ಚಾಮರಾಜನಗರ ಶಾಖೆ! ಕೆಳಗೆ ನಿಮ್ಮದೇ ಸಹಿ ಇದೆ ಸರ್!”

ಜೆರಾಕ್ಸಿನವನು ಯಂತ್ರ ನಿಲ್ಲಿಸಿದ. ಗುಮಾಸ್ತ 'ಯಾರು' ಎಂಬಂತೆ ಕನ್ನಡಕದ ಮೇಲಿಂದ ನೋಡಿದ. ಮಗು ಕೂಡ ಅಳು ನಿಲ್ಲಿಸಿತು. ತನಗಿಂತ ಜೋರಾಗಿ ಯಾರೋ ಅತ್ತರೆಂದುಕೊಂಡಿತೋ ಏನೋ. ಮೂಲೆಯಿಂದ ಬೇಗೂರಿನ ನಂಜುಂಡಪ್ಪ ಎಂಬವರು ಮುಂದೆ ಬಂದರು. ಅವರ ಕಂಕುಳಲ್ಲಿ ನಮ್ಮ ಕಂಪನಿಯದೇ ಹಳದಿ ಫೈಲಿತ್ತು. ಆ ಫೈಲನ್ನು ಅವರಿಗೆ ಮಾರ್ಚಿನಲ್ಲಿ ಓದಿ ಹೇಳಿದವಳು ನಾನೇ.

“ಅವ್ವಾ, ನಂಗೂ ಎಂಟು ಸಾವ್ರ ಹಿಡ್ಕಂಡವ್ರೆ ಕಣವ್ವ. ನಂದ್ರಲ್ಲಿ ಅದಾ ನೋಡು.”

ಅವರ ಹಿಂದೆ ಇನ್ನಿಬ್ಬರು. ಫೋನಿನೊಳಗೆ ಸಾಗರ್ ಕೇಳಿದರು, ಈಗ ಬಹಳ ಮೆಲ್ಲಗೆ:

“ಯಾರದು ಮಾತಾಡ್ತಿರೋದು?”

“ಬೇರೆ ಸಾಲಗಾರರು ಸರ್. ಅವರದ್ದೂ ಓದಿ ಹೇಳಬೇಕಂತೆ.”

“ಓದಬೇಡಿ. ಏನೂ ಓದಬೇಡಿ. ಆ ಸ್ವಾಮಿಗಳ ನಂಬರ್ ಕಳಿಸಿ.”

ಮೂರು ನಿಮಿಷದಲ್ಲಿ ಗುರುಪಾದಸ್ವಾಮಿಯ ಫೋನು ಗುಂಯ್ ಎಂದಿತು. ಸಾಗರ್ ತಮ್ಮ ಸ್ವಂತ ಖಾತೆಯಿಂದಲೇ ಹಾಕಿದ್ದರು. ಗುರುಪಾದಸ್ವಾಮಿ ಅಂಕಿಗಳನ್ನು ಬೆರಳಿಟ್ಟು ನೋಡಿ, ಪಂಚಾಂಗವನ್ನೂ ಇನ್ನೊಮ್ಮೆ ನೋಡಿ, ಎದ್ದರು. ಪತ್ರ ಬರೆಯುವವನು ಹಣದ ವಿವರದ ಪುಟವನ್ನು ತಿರುಗಿ ಟೈಪು ಮಾಡಿ ತರುವಷ್ಟರಲ್ಲಿ ಸರದಿ ಬಂತು. ಫೋಟೊ, ಹೆಬ್ಬೆಟ್ಟು, ಸಹಿ. ಪುಟ್ಟಸಿದ್ದಮ್ಮನ ಹೆಬ್ಬೆರಳಿನ ಗೆರೆ ಯಂತ್ರಕ್ಕೆ ಮೂರು ಸಲ ಹತ್ತಲಿಲ್ಲ, ಪಾತ್ರೆ ತಿಕ್ಕಿ ಸವೆದಿತ್ತು. ನಾಲ್ಕನೇ ಸಲ ಹತ್ತಿತು. ಹನ್ನೆರಡೂ ಐವತ್ತಕ್ಕೆ ಮನೆ ಅವರದಾಯಿತು.

ನಾನು ಪಡಸಾಲೆಯಲ್ಲಿ ನಂಜುಂಡಪ್ಪನವರ ಫೈಲು ಬಿಚ್ಚಿಕೊಂಡು ಕೂತಿದ್ದೆ. ಎಂಟು ಸಾವಿರ ಅವರ ಕಾಗದದಲ್ಲೂ ಇರಲಿಲ್ಲ. ಆದರೆ ವಿಮೆ ಇತ್ತು, ಅವರ ಸ್ವಂತ ಕೋರಿಕೆಯ ಮೇರೆಗೆ ಒಂದು ಲಕ್ಷದ ಹತ್ತು ಸಾವಿರ. ಅವರು, “ಅವತ್ತು ನೀನೇ ಅಲ್ವಾ ಓದಿದ್ದು?” ಎಂದರು. ಹೌದೆಂದೆ. “ದೇವ್ರ ಮಂತ್ರ ಇರ್ಬೇಕು ಅಂದ್ಕಂಡಿದ್ದೆ,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ನನ್ನ ಫೋನಿಗೆ ಕಂಪನಿಯ ಪತ್ರ ಬಂತು. ಪುಟ್ಟಸಿದ್ದಮ್ಮ ಹೊರಗೆ ಬಂದವರು ನನ್ನ ಮುಖ ನೋಡಿ, “ಏನದು?” ಎಂದರು.

“ಕೆಲಸದಿಂದ ತೆಗೆದಿದ್ದಾರೆ.”

“ಏನಂತ ಬರ್ದವ್ರೆ? ಓದು, ಜೋರಾಗಿ.”

ಓದಿದೆ. “‘ಸಾರ್ವಜನಿಕ ಸ್ಥಳದಲ್ಲಿ ಕಂಪನಿಯ ಗೋಪ್ಯ ದಾಖಲೆಯನ್ನು ಗಟ್ಟಿಯಾಗಿ ಓದಿದ್ದಕ್ಕಾಗಿ...’”

“ಗೋಪ್ಯ ಅಂದ್ರೆ?”

“ಗುಟ್ಟು.”

“ಜನಕ್ಕೆ ಓದಿ ಹೇಳ್ಬೇಕು ಅಂತ ಸರ್ಕಾರ ಬರ್ಸಿರೋ ಕಾಗ್ದ ಗುಟ್ಟಾ?” ಪುಟ್ಟಸಿದ್ದಮ್ಮ ಸುನೀಲನ ಕಡೆ ನೋಡಿದರು. “ಇರ್ಲಿ. ಹಾಸ್ಟೆಲಲ್ಲಿ ರಾತ್ರಿ ಊಟಕ್ಕೆ ಬಾ. ನಾ ಈಗ ಓಗ್ಬೇಕು, ಮೂರು ಗಂಟೆಗೆ ಕಾಳು ನೆನೆ ಹಾಕ್ಬೇಕು.” ಮನೆ ಬಂದ ಸಂತೋಷ, ನನ್ನ ಕೆಲಸ ಹೋದ ದುಃಖ, ಎರಡಕ್ಕೂ ಸೇರಿ ಅಷ್ಟೇ.

ಅವರು ಮೆಟ್ಟಿಲಿಳಿಯುವಾಗ ಗುರುಪಾದಸ್ವಾಮಿ ಹಿಂದಿನಿಂದ ಕರೆದರು.

“ಪುಟ್ಟಸಿದ್ದಮ್ಮ, ಈ ತಿಂಗಳ ಬಾಡಿಗೆ?”

“ಯಾವ ಬಾಡಿಗೆ ಸ್ವಾಮ್ಯೋರೇ?”

“ಒಂದನೇ ತಾರೀಕಿಂದ ಇವತ್ತಿನ ಗಂಟ ಮನೆ ನಂದೇ ತಾನೆ? ಇಪ್ಪತ್ಮೂರು ದಿನ.”

ನ್ಯಾಯವಾಗಿ ನೋಡಿದರೆ ಅವರು ಹೇಳಿದ್ದು ಸರಿಯೇ ಇತ್ತು. ಪುಟ್ಟಸಿದ್ದಮ್ಮನಿಗೂ ಅದು ಗೊತ್ತಿದ್ದಿರಬೇಕು. ಅವರು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗುರುಪಾದಸ್ವಾಮಿಯ ಕೈಯಲ್ಲಿದ್ದ ಕ್ರಯಪತ್ರದ ನಕಲಿನ ಕಡೆ ಬೆರಳು ತೋರಿಸಿದರು.

“ಅದ್ರಲ್ಲಿ ಬರ್ದಿದ್ರೆ ಕೊಡ್ತೀನಿ. ಎಲ್ಲಿ ಅದೆ ತೋರ್ಸಿ.”

ಗುರುಪಾದಸ್ವಾಮಿ ಜೇಬಿನಿಂದ ಕನ್ನಡಕ ತೆಗೆದು, ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಗೆ ವಾಪಸು ಹೋಗಿ ಮೊದಲ ಪುಟದಿಂದ ಓದಲು ಶುರುಮಾಡಿದರು.